ವಸ್ತ್ರ ಒಂದೇ ಸಾಕು

ಮೊನ್ನೆ ಒಂಬತ್ತನೇ ತರಗತಿಯಲ್ಲಿ ಹಾಜರಿ ಹಾಕಲು ಪೆನ್ನಿಗೆಂದು ಚೀಲದೊಳಗೆ ಕೈ ಹಾಕಿದೆ. ಬಂದದ್ದು ಬಟ್ಟೆಗೆ ಸಿಗಿಸುವ ಕ್ಲಿಪ್ಪು. ಕೆಂಪು ಬಣ್ಣದ್ದು, ಒಂದು ಕಿವಿ ಮುರಿದದ್ದು. ಕನ್ನಡಕ ಹಣೆಯ ಮೇಲಿದ್ದುದರಿಂದ ನಾನು ಅದನ್ನೇ ಪೆನ್ನಿನ ಹಾಗೆ ಹಿಡಿದು, ಮುಚ್ಚಳ ತೆಗೆಯಲು ನೋಡಿ, ಬಾರದೇ ಹೋದಾಗ ಹಲ್ಲಿನಲ್ಲಿ ಕಚ್ಚಿ ಎಳೆದೆ. ಮಕ್ಕಳು ಮೊದಲು ಪಾಪ ತಡೆದುಕೊಂಡರು. ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದದ್ದೇ ತಡ, ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಇಪ್ಪತ್ತಾರು ವರ್ಷ ಕನ್ನಡ ಕಲಿಸಿ ಸಂಪಾದಿಸಿದ ಗಾಂಭೀರ್ಯ ಒಂದು ಪ್ಲಾಸ್ಟಿಕ್ ಕ್ಲಿಪ್ಪಿಗೆ ಹೋಯಿತು.

ಹೋದರೆ ಹೋಗಲಿ. ನಿಮಗೆ ಹೇಳಬೇಕಾದದ್ದು ಬೇರೆ. ಆ ಕ್ಲಿಪ್ಪು ನನ್ನದಲ್ಲ. ನನ್ನ ಕ್ಲಿಪ್ಪುಗಳೆಲ್ಲ ನೀಲಿ. ಕೆಂಪು ಕ್ಲಿಪ್ಪುಗಳು ಪಕ್ಕದ ಮನೆಯ ನೀಲವ್ವನವು. ನೀಲವ್ವನವು ಕೆಂಪು, ನನ್ನವು ನೀಲಿ. ಈ ಗೊಂದಲಕ್ಕೆ ನಾನು ಜವಾಬ್ದಾರಳಲ್ಲ, ಅವತ್ತು ಸಂತೆಯಲ್ಲಿ ಇದ್ದದ್ದೇ ಹಾಗೆ.

ಶಿರಸಿಯ ಪಕ್ಕದ ಇಸಳೂರಿನಲ್ಲಿ ನಾವಿಬ್ಬರೂ ಒಂದೇ ವರ್ಷ ಮನೆ ಕಟ್ಟಿಸಿದೆವು. ನಮ್ಮನೆಯವರು ಪ್ಲಾನು ಹಾಕಿಸುವಾಗ ದೇವರ ಕೋಣೆಗೆ ಈಶಾನ್ಯ ಹುಡುಕಿದರು, ಒಲೆಗೆ ಆಗ್ನೇಯ ಹುಡುಕಿದರು, ಇಲ್ಲದ ಕಾರಿಗೆ ನಿಲ್ಲಲು ಜಾಗ ಬಿಟ್ಟರು. ಬಟ್ಟೆ ಒಣಗಿಸುವುದು ಎಲ್ಲಿ ಎಂದು ಗಂಡಸರಿಗೆ ಹೊಳೆಯಲಿಲ್ಲ. ವಾಸ್ತುಶಾಸ್ತ್ರದಲ್ಲಿ ಒದ್ದೆ ಬಟ್ಟೆಗೆ ದಿಕ್ಕೇ ಇಲ್ಲ. ಗೃಹಪ್ರವೇಶದ ಮರುದಿನ ಇಪ್ಪತ್ತು ನೆಂಟರ ಒದ್ದೆ ಟವೆಲ್ಲುಗಳನ್ನು ಹೆಗಲ ಮೇಲೆ ಹೊತ್ತು ಹೊಸ ಮನೆಯ ಸುತ್ತ ಮೂರು ಪ್ರದಕ್ಷಿಣೆ ಬಂದೆ. ಮೂರನೇ ಸುತ್ತಿನಲ್ಲಿ ಮೋಟು ಕಾಂಪೌಂಡಿನ ಆಚೆ ಇನ್ನೊಬ್ಬ ಹೆಂಗಸು ಅದೇ ರೀತಿ ಬಕೆಟ್ ಹಿಡಿದು ಅಲೆಯುತ್ತಿರುವುದು ಕಂಡಿತು. ಅದೇ ನೀಲವ್ವ. ಹಾನಗಲ್ ಕಡೆಯವರು, ಗಂಡ ಬಸ್ಸಿನಲ್ಲಿ ಕಂಡಕ್ಟರ್, ಇವರು ಮನೆಯಲ್ಲಿ ಹೊಲಿಗೆ ಮಾಡುತ್ತಾರೆ.

"ಅಕ್ಕೋರ, ನಿಮ್ಮ ಗ್ವಾಡಿಗೆ ಒಂದು ಕೊಂಡಿ ಐತಿ, ನಮ್ಮ ಕಡೆ ಒಂದು ಕಂಬ ಐತಿ. ನಡುವ ತಂತಿ ಎಳದ್ರ ಇಬ್ಬರದೂ ನ್ಯಾಲೆ ಆಗ್ತೈತಿ ನೋಡ್ರಿ" ಎಂದರು. ಮೇಷ್ಟರಮ್ಮನಿಗೆ ನಮ್ಮ ಕಡೆಯೂ ಅವರ ಕಡೆಯೂ ಅಕ್ಕೋರು ಎನ್ನುವುದೇ ರೂಢಿ. ಹತ್ತು ನಿಮಿಷದಲ್ಲಿ ಬಟ್ಟೆ ಒಣಗಿಸುವ ನೇಲೆಗೆ ತಂತಿ ಎಳೆದು ಕಟ್ಟಿಯೂ ಆಯಿತು. ಒಂದು ತುದಿ ನನ್ನ ಗೋಡೆಗೆ, ಇನ್ನೊಂದು ತುದಿ ಅವರ ಕಂಬಕ್ಕೆ, ನಡುವೆ ಗಡಿ ಗುರುತಿಗೆ ಒಂದು ಹಳೇ ಲಂಗದ ಚೂರು. ಆ ಚೂರು ಗಾಳಿ ಬಂದ ಕಡೆಗೆಲ್ಲ ಸರಿಯುತ್ತಿತ್ತು. ಶ್ರಾವಣದಲ್ಲಿ ನನ್ನ ರಾಜ್ಯ ದೊಡ್ಡದಾಗುತ್ತಿತ್ತು, ಮಾಘದಲ್ಲಿ ಅವರದು. ಹನ್ನೊಂದು ವರ್ಷ ಯಾರೂ ಸರ್ವೆ ಮಾಡಿಸಲಿಲ್ಲ.

ಒಂದೇ ತಂತಿಯಲ್ಲಿ ಬಟ್ಟೆ ಒಣಗಿಸುವವರಿಗೆ ಒಬ್ಬರಿಂದ ಒಬ್ಬರು ಮುಚ್ಚಿಡುವುದೇನೂ ಉಳಿಯುವುದಿಲ್ಲ. ನಮ್ಮಲ್ಲಿಗೆ ನೆಂಟರು ಬಂದದ್ದು, ಅವರು ಹೋಗದೇ ಇದ್ದದ್ದು, ನಾನು ಮೈಯಲ್ಲಿ ದಪ್ಪಗಾಗಿ ರವಿಕೆಯ ಹೊಲಿಗೆ ಬಿಡಿಸಿದ್ದು ಎಲ್ಲವೂ ನೀಲವ್ವನಿಗೆ ನಾನು ಹೇಳುವ ಮೊದಲೇ ಗೊತ್ತಿರುತ್ತಿತ್ತು. ನಮ್ಮನೆಯವರ ಬನಿಯನ್ನುಗಳಂತೂ ಜಾಲರಿಯಾದರೂ ಬಿಸಾಡಲು ಬಿಡುವುದಿಲ್ಲ, "ಗಾಳಿ ಆಡ್ತು" ಎನ್ನುತ್ತಾರೆ. ಒಂದು ದಿನ ಮಂಗವೊಂದು ತಂತಿಯಿಂದ ಅವರ ಬನಿಯನ್ ಎಳೆದುಕೊಂಡು ಮಾವಿನ ಮರ ಹತ್ತಿ, ತೂತುಗಳಲ್ಲಿ ಬೆರಳು ಹಾಕಿ ನೋಡಿ, ವಾಪಸು ಎಸೆದು ಹೋಯಿತು. ಮಂಗಕ್ಕೂ ಒಂದು ಮರ್ಯಾದೆ ಇದೆ ಎಂದು ನೀಲವ್ವ ವಾರಗಟ್ಟಲೆ ನಕ್ಕರು.

ನಾನು ಹುಟ್ಟಿ ಬೆಳೆದ ಸಿದ್ದಾಪುರ ಕಡೆಯ ಮನೆಯಲ್ಲಿ ಬಟ್ಟೆ ಒಣಗಿಸುವುದಕ್ಕೂ ಒಂದು ಶಾಸ್ತ್ರ ಇತ್ತು. ಗಂಡಸರ ಪಂಚೆ, ಅಂಗಿ ಎದುರಿನ ಬಿಸಿಲಿಗೆ. ಹೆಂಗಸರ ಸೀರೆ ಹಿತ್ತಲಿಗೆ. ಹೆಂಗಸರ ಒಳಬಟ್ಟೆ ಮಾತ್ರ ಸೀರೆಯ ಮಡಿಕೆಯೊಳಗೆ ಅಡಗಿ, ಸೂರ್ಯನನ್ನೇ ಕಾಣದೆ, ಬರೀ ಊಹೆಯಲ್ಲಿ ಒಣಗಬೇಕು. ಎಂಟನೇ ಕ್ಲಾಸಿನ ತನಕ ನಾನು ನಮ್ಮ ಅತ್ತೆ, ದೊಡ್ಡಮ್ಮಂದಿರಿಗೆ ಅಂಥ ಬಟ್ಟೆಗಳೇ ಇಲ್ಲವೆಂದು ತಿಳಿದಿದ್ದೆ.

ಅದಕ್ಕಿಂತ ದೊಡ್ಡ ಶಾಸ್ತ್ರ ಅಜ್ಜಿಯ ಮಡಿ ಸೀರೆಯದು. ಅದಕ್ಕೆ ಬೇರೆ ಬಿದಿರು ಗಳ, ಇಳಿಸಲು ಬೇರೆ ಕೋಲು. ಮಿಂದು ಬಂದ ಅಜ್ಜಿ ಕೋಲಿನಿಂದ ಸೀರೆ ಇಳಿಸಿ ಉಡುವ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ. ಬೆಕ್ಕು ಮುಟ್ಟಿದರೆ ಅಡ್ಡಿಯಿಲ್ಲ. ಬೆಕ್ಕಿಗಿರುವ ಸವಲತ್ತು ನನಗೇಕಿಲ್ಲ ಎಂಬುದು ಏಳು ವರ್ಷದ ನನ್ನ ತಕರಾರು. ಒಂದು ದಿನ ನಾಲ್ಕು ಕಾಲಿನಲ್ಲಿ ತೆವಳುತ್ತ ಹೋಗಿ, "ಮಿಯಾಂವ್" ಎಂದು ಸೀರೆಗೆ ಕೆನ್ನೆ ಉಜ್ಜಿದೆ. ಅಜ್ಜಿ ಬೆನ್ನಿಗೊಂದು ಬಾರಿಸಿದರು. ಬಾರಿಸಿದ್ದರಿಂದ ಅವರೂ ಮೈಲಿಗೆಯಾಗಿ ಮತ್ತೆ ಮೀಯಬೇಕಾಯಿತು. ಆವತ್ತು ಅವರು ಮೂರು ಸಲ ಮಿಂದರು, ನಾನು ಮೂರು ಸಲ ತಿಂದೆ.

ಹೀಗಾಗಿ ದೊಡ್ಡವಳಾದ ಮೇಲೆ ನನಗೆ ಮಡಿ ಎಂದರೆ ಒಂದು ತಮಾಷೆಯ ವಿಷಯ. ಯಳ್ಳಾಪುರದಿಂದ ಅತ್ತೆ, ಅಂದರೆ ನಮ್ಮನೆಯವರ ತಾಯಿ, ನಮ್ಮ ಹೊಸ ಮನೆಗೆ ಬಂದಾಗ ಟ್ರಂಕಿನ ಜೊತೆ ಮಡಿಯನ್ನೂ ತಂದರು. ಮೂವತ್ತು ನಲವತ್ತರ ಸೈಟಿನಲ್ಲಿ ಬಿದಿರು ಗಳಕ್ಕೆ ಜಾಗ ಎಲ್ಲಿಂದ ತರುವುದು? ಹಿತ್ತಲ ಶೀಟಿನ ಕೆಳಗೆ ಒಂದು ಕಬ್ಬಿಣದ ಸರಳು ಕಟ್ಟಿಸಿದೆವು. ಕೋಲಿಗೆ ಬದಲು ಪ್ಲಂಬರು ಬಿಟ್ಟು ಹೋಗಿದ್ದ ನೀರಿನ ಪೈಪಿನ ತುಂಡು. ಆ ಬಿಳಿ ಪೈಪಿನ ಮೈಮೇಲೆ ಕಂಪನಿಯ ಹೆಸರು, ಒತ್ತಡ ತಡೆಯುವ ಲೆಕ್ಕ ಎಲ್ಲ ಅಚ್ಚಾಗಿತ್ತು. ಎಂಬತ್ತು ದಾಟಿದ ಅತ್ತೆ ಬೆಳಗಿನ ಜಾವ ಮಿಂದು, ಒದ್ದೆ ಸೀರೆಯಲ್ಲಿ ನಿಂತು, ಪೈಪಿನ ತುದಿಯಿಂದ ಮಡಿ ಸೀರೆ ಇಳಿಸುವುದನ್ನು ನಾನು ಸ್ಟಾಫ್ ರೂಮಿನಲ್ಲಿ ಅಭಿನಯಿಸಿ ತೋರಿಸುತ್ತಿದ್ದೆ. ಗಣಿತದ ಅಕ್ಕೋರು ನಗುತ್ತ ಚಹಾ ಚೆಲ್ಲಿಕೊಳ್ಳುತ್ತಿದ್ದರು.

ಇದೇ ಅಭಿನಯಕ್ಕೆ ಇನ್ನೊಂದು ದೃಶ್ಯವೂ ಸೇರಿತು. ಒಂದು ದಿನ ಗಾಳಿಗೆ ಅತ್ತೆಯ ಸೀರೆ ಹಾರಿ ಕಾಂಪೌಂಡಿನ ಹತ್ತಿರ ಬಿತ್ತು. ನೀಲವ್ವ ಓಡಿ ಬಂದು ಎತ್ತಿಕೊಂಡರು. ಅತ್ತೆ ಒಳಗಿನಿಂದಲೇ ಕೂಗಿದರು.

"ಅಯ್ಯೋ, ಮುಟ್ಟಡ ತಂಗಿ! ಅದು ಮಡಿ!"

ನೀಲವ್ವ ಸೀರೆ ಹಿಡಿದುಕೊಂಡು ನಿಂತರು. ಕೆಳಗೆ ಹಾಕಿದರೆ ಮಣ್ಣು, ಕೊಟ್ಟರೆ ಮೈಲಿಗೆ. ಕೊನೆಗೆ ಕಾಂಪೌಂಡಿನ ಮೇಲಿಟ್ಟು, ಕೈ ಸೆರಗಿಗೆ ಒರೆಸಿಕೊಂಡು, "ಗೊತ್ತಾಗ್ಲಿಲ್ರಿ ಅಜ್ಜಿ" ಎಂದು ನಕ್ಕರು. ಅಡುಗೆಮನೆಯ ಕಿಟಕಿಯಿಂದ ನಾನೂ ನಕ್ಕೆ. "ಹಳೇ ಕಾಲದವರು ಬಿಡಿ ನೀಲವ್ವ, ಅವರಿಗೆ ಬೆಕ್ಕು ಮಾತ್ರ ಆಗ್ತದೆ" ಎಂದೆ. ಇಬ್ಬರೂ ನಕ್ಕ ಮೇಲೆ ವಿಷಯ ಮುಗಿಯಿತೆಂದುಕೊಂಡೆ. ಅತ್ತೆಗೆ ನಾನು ಒಂದು ಮಾತೂ ಹೇಳಲಿಲ್ಲ. ಸೀರೆ ಮತ್ತೆ ನೀರಿಗೆ ಹೋಯಿತು, ಕತೆ ಸ್ಟಾಫ್ ರೂಮಿಗೆ ಹೋಯಿತು.

ನನ್ನ ಆಯಿ, ಅಂದರೆ ನನ್ನ ತಾಯಿ, ತೀರಿಕೊಂಡ ಮೇಲೆ ಅವಳ ಹತ್ತಿ ಸೀರೆಗಳು ನನ್ನ ಪಾಲಿಗೆ ಬಂದವು. ಉಡಲು ಜೀರ್ಣ, ಬಿಸಾಡಲು ಮನಸ್ಸಿಲ್ಲ. ನೀಲವ್ವ ನೋಡಿ, "ಕೊಡ್ರಿ ಇಲ್ಲೆ, ಕೌದಿ ಹೊಲೀತೇನಿ" ಎಂದರು. ಎರಡು ತಿಂಗಳು ಅವರ ಮನೆಯ ಪಡಸಾಲೆಯಲ್ಲಿ ಆಯಿಯ ಸೀರೆಗಳು ಪದರದ ಮೇಲೆ ಪದರವಾಗಿ ಹರಡಿಕೊಂಡಿದ್ದವು. ನೀಲವ್ವ ಅವುಗಳ ಮೇಲೇ ಕೂತು, ಸಾಲು ಸಾಲು ಕೈಹೊಲಿಗೆ ಹಾಕಿದರು. ಆಯಿ ಮದುವೆಮನೆಗಳಿಗೆ ಉಡುತ್ತಿದ್ದ ಕೆಂಪು ಸೀರೆ ನಡುವೆ ಬಂತು, ದಿನನಿತ್ಯದ ಬಿಳಿ ಹೂವಿನದು ಅಂಚಿಗೆ ಬಂತು. ಹೊಲಿಯುವಾಗ ಪ್ರತಿ ಸೀರೆಯ ಕತೆ ಕೇಳುತ್ತಿದ್ದರು. ಆಯಿಯನ್ನು ಅವರು ನೋಡಿದ್ದು ಒಂದೇ ಸಲ. ಆದರೂ ಕೌದಿ ಮುಗಿಯುವ ಹೊತ್ತಿಗೆ ಆಯಿಯ ಬಗ್ಗೆ ನನ್ನ ಅಣ್ಣನಿಗಿಂತ ಹೆಚ್ಚು ನೀಲವ್ವನಿಗೆ ತಿಳಿದಿತ್ತು. ಹೊದ್ದ ಮೊದಲ ದಿನ ನಾನು ಅತ್ತುಬಿಟ್ಟೆ. ನಾಚಿಕೆಯೇನಿಲ್ಲ ಹೇಳಲು.

ಹೋದ ಏಪ್ರಿಲ್‌ನ ಒಂದು ಶನಿವಾರ. ಶಾಲೆಯಲ್ಲಿ ಪರೀಕ್ಷೆ ಮುಗಿದು ಪೇಪರು ತಿದ್ದುವ ದಿನಗಳು. ಬೆಳಿಗ್ಗೆ ನಮ್ಮನೆಯವರು ಮೊಬೈಲ್ ತೆರೆದು, "ಇವತ್ತು ಮಳೆ ಇಲ್ಲೆ" ಎಂದು ಘೋಷಿಸಿದರು. ಅವರ ಮೊಬೈಲು ಹೇಳಿದ ಮಳೆ ಮುಂಬಯಿಯಲ್ಲಾದರೂ ಬೀಳುತ್ತದೋ ಏನೋ, ಇಸಳೂರಿನಲ್ಲಿ ಈವರೆಗೆ ಬಿದ್ದಿಲ್ಲ. ಆದರೂ ನಂಬಿದೆ. ಕೌದಿ ಒಗೆದು ತಂತಿಗೆ ಹಾಕಿದೆ. ಜೊತೆಗೆ ಎರಡು ಹಾಸಿಗೆ ವಸ್ತ್ರ, ನನ್ನ ನಾಲ್ಕು ಸೀರೆ, ಅವರ ಒಂದು ಕಿತ್ತಳೆ ಟವೆಲ್ಲು. ಹಿತ್ತಲ ಶೀಟಿನ ಕೆಳಗೆ ಮಂಚದ ಮೇಲೆ ಹಿಂದಿನ ದಿನ ಒತ್ತಿದ ಹಲಸಿನ ಹಪ್ಪಳ ಹರಡಿತ್ತು. ಅದಕ್ಕೆ ಮಳೆಯ ಭಯವಿಲ್ಲ, ಆದರೆ ಅರೆ ಒಣಗಿದ್ದನ್ನು ಮುಟ್ಟಿದರೆ ಮುರಿಯುತ್ತದೆ. ಅವರು ಯಾವುದೋ ಕೆಲಸಕ್ಕೆ ಯಳ್ಳಾಪುರಕ್ಕೆ ಹೋದರು, ನಾನು ಶಾಲೆಗೆ ಹೋದೆ, ಕಿವಿ ಮಂದವಾದ ಅತ್ತೆ ರೇಡಿಯೋ ಜೋರಾಗಿ ಹಚ್ಚಿ ಕೂತರು.

ಹನ್ನೊಂದಕ್ಕೆ ಸ್ಟಾಫ್ ರೂಮಿನ ಕಿಟಕಿ ಕಪ್ಪಾಯಿತು. ಧೂಳು ಎದ್ದಿತು. ನನಗೆ ಕಂಡದ್ದು ಕೌದಿ ಒಂದೇ. ನೀಲವ್ವನಿಗೆ ಫೋನು ಮಾಡಿದೆ.

ಇಲ್ಲೊಂದು ಮಾತು. ನಾನು ಪಾಠ ಮಾಡುವಾಗ, ನೀಲವ್ವನ ಜೊತೆ ಹರಟುವಾಗ, ಬಟ್ಟೆಗೆ ಬಟ್ಟೆ ಎಂದೇ ಹೇಳುವವಳು. ಆದರೆ ಗಾಬರಿಯಾದಾಗ ಬಾಯಿಗೆ ಬರುವುದು ತವರುಮನೆಯ ಮಾತು. ನಮ್ಮ ಮನೆಮಾತಿನಲ್ಲಿ ಉಡುವುದು, ತೊಡುವುದು, ಹೊದೆಯುವುದು ಎಲ್ಲಕ್ಕೂ ಒಟ್ಟಾರೆ ಹೆಸರು ವಸ್ತ್ರ.

"ನೀಲವ್ವಾ, ಮಳೆ ಬಂತು! ಓಡಿ ಹೋಗಿ ವಸ್ತ್ರ ತೆಗೆದು ಒಳಗೆ ಹಾಕಿಬಿಡಿ!"

ಆ ಕಡೆಯಿಂದ ಪ್ರಶ್ನೆ ಬಂತು. "ವಸ್ತ್ರ ಅಷ್ಟ ಸಾಕೇನ್ರಿ ಅಕ್ಕೋರ?"

ಹಪ್ಪಳದ ಬಗ್ಗೆ ಕೇಳುತ್ತಿದ್ದಾರೆ ಎಂದುಕೊಂಡೆ. "ಹೌದು, ವಸ್ತ್ರ ಒಂದೇ ಸಾಕು. ಮತ್ತೆಂತದೂ ಮುಟ್ಟದು ಬ್ಯಾಡ!"

"ಆತ್ರಿ" ಎಂದರು. ಫೋನು ಇಟ್ಟರು. ನಾನು ನಿಶ್ಚಿಂತೆಯಿಂದ ಗಣಿತದ ಅಕ್ಕೋರ ಡಬ್ಬಿಯಿಂದ ಚಕ್ಕುಲಿ ತಿಂದೆ.

ಮಧ್ಯಾಹ್ನ ಬಂದು ನೋಡಿದರೆ ಜಗುಲಿಯ ಕುರ್ಚಿಯ ಮೇಲೆ ಕಿತ್ತಳೆ ಟವೆಲ್ಲು ಚೊಕ್ಕವಾಗಿ ನಾಲ್ಕು ಮಡಿಕೆಯಾಗಿ ಕೂತಿತ್ತು. ಮಿಕ್ಕದ್ದೆಲ್ಲ ತಂತಿಯ ಮೇಲೇ ಇತ್ತು. ಮಳೆ ಹೊಡೆದು ಹೋಗಿತ್ತು. ನೀರು ಕುಡಿದ ಕೌದಿಯ ಭಾರಕ್ಕೆ ತಂತಿ ಜೋತು, ಕೌದಿ ಕೆಸರಿಗೆ ತಾಗಿ ಅರ್ಧ ನೆಲದಲ್ಲಿ ಬಿದ್ದಿತ್ತು. ಆಯಿಯ ಮದುವೆಮನೆ ಸೀರೆಯ ಕೆಂಪು ಬಣ್ಣ ಬಿಟ್ಟು, ಬಿಳಿ ಹೂವಿನ ಅಂಚಿಗೆಲ್ಲ ಹತ್ತಿತ್ತು.

ಸಿಟ್ಟು ಬಂತು. ಬರಬಾರದಷ್ಟು ಬಂತು. ಹದಿನೈದು ಹೆಜ್ಜೆ ದೂರದಲ್ಲಿ ಮನೆ. ಬಂದಿದ್ದಾರೆ, ಟವೆಲ್ಲು ತೆಗೆದಿದ್ದಾರೆ, ಕೌದಿ ಬಿಟ್ಟಿದ್ದಾರೆ. ತಾವೇ ಹೊಲಿದ ಕೌದಿ! ನಮ್ಮನೆಯವರ ಟವೆಲ್ಲಿನ ಮೇಲೆ ಇವರಿಗೆ ಅಂಥ ಪ್ರೀತಿ ಏನು? "ಏನಾತು ಕೇಳು ಹೋಗು" ಎಂದರು ಸಂಜೆ ಮರಳಿ ಬಂದ ನಮ್ಮನೆಯವರು. ನಾನು ಕೇಳಲಿಲ್ಲ. ಕೇಳಿದರೆ ಸಿಟ್ಟು ಇಳಿದುಬಿಡುವ ಅಪಾಯವಿತ್ತು.

ಮಾರನೆಯ ದಿನವೇ ಪೇಟೆಯಿಂದ ನೈಲಾನ್ ಹಗ್ಗ ತಂದು ಕಿಟಕಿಯ ಸರಳಿನಿಂದ ಪಪ್ಪಾಯಿ ಗಿಡಕ್ಕೆ ಕಟ್ಟಿದೆ. ಸ್ವತಂತ್ರ ನೇಲೆ! ಅದರ ಮೇಲೆ ಮೊದಲ ಹಾಸಿಗೆ ವಸ್ತ್ರ ಹಾಕಿದ್ದೇ ಪಪ್ಪಾಯಿ ಗಿಡ ಮೆಲ್ಲಗೆ ಬಾಗಿ, ನಮಸ್ಕಾರ ಮಾಡಿದಂತೆ ಮಾಡಿ, ಎರಡು ಕಾಯಿಯ ಸಮೇತ ಮಲಗಿತು. ಕಾಂಪೌಂಡಿನ ಆಚೆ ನೀಲವ್ವ ನೋಡಿದರು. ಮೊದಲಿನಂತಿದ್ದರೆ ಒಂದು ವಾರ ನಗುತ್ತಿದ್ದರು. ಅವತ್ತು ನಗಲಿಲ್ಲ, ಒಳಗೆ ಹೋದರು. ಸಂಜೆ ನಮ್ಮ ಗೇಟಿಗೆ ಒಂದು ಕೈಚೀಲ ನೇತಾಡುತ್ತಿತ್ತು. ಒಳಗೆ ಅವರವುಗಳ ಜೊತೆ ಕಲೆತು ಹೋಗಿದ್ದ ನನ್ನ ನೀಲಿ ಕ್ಲಿಪ್ಪುಗಳನ್ನೆಲ್ಲ ತೊಳೆದು ಒರೆಸಿ ಹಾಕಿದ್ದರು. ನಾನೂ ಬಿಡುವವಳಲ್ಲ, ಅವರ ಕೆಂಪು ಕ್ಲಿಪ್ಪುಗಳನ್ನು ಆರಿಸಿ ಕಾಂಪೌಂಡಿನ ಮೇಲಿಟ್ಟೆ. ಕಿವಿ ಮುರಿದ ಒಂದು ಮಾತ್ರ ಉತ್ತರಪತ್ರಿಕೆಗಳ ಕಟ್ಟಿಗೆ ಸಿಗಿಸಿದ್ದರಿಂದ ಉಳಿದುಹೋಯಿತು.

ಎಂಟು ದಿನ ಮಾತಿಲ್ಲ. ನಿಜ ಹೇಳುತ್ತೇನೆ, ಬಟ್ಟೆ ಒಣಗಿಸುವುದಕ್ಕೇ ಮನಸ್ಸು ಬರುತ್ತಿರಲಿಲ್ಲ. ತಂತಿಯ ಹತ್ತಿರ ನಿಂತು ಆಡುವ ಹದಿನೈದು ನಿಮಿಷದ ಮಾತೇ ನನ್ನ ದಿನದ ಉಪ್ಪು ಎಂದು ಅದು ನಿಂತ ಮೇಲೆ ತಿಳಿಯಿತು. ನೀಲವ್ವನಿಲ್ಲದೆ ನನಗೆ ಬೇಜಾರಾಗುತ್ತಿತ್ತು. ಬೇಜಾರಾದಷ್ಟೂ ಸಿಟ್ಟು ಹೆಚ್ಚುತ್ತಿತ್ತು.

ಒಂಬತ್ತನೇ ದಿನ ಮನೆಯಲ್ಲಿ ಕೂತು ಎಂಟನೇ ತರಗತಿಯ ಪೇಪರು ತಿದ್ದುತ್ತಿದ್ದೆ. 'ಈ ಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಿರಿ' ಎಂದು ಕೊಟ್ಟ ಪದಗಳಲ್ಲಿ ವಸ್ತ್ರವೂ ಒಂದು. ಗುಡ್ನಾಪುರ ಕಡೆಯಿಂದ ಬರುವ ಹುಡುಗಿಯೊಬ್ಬಳು ಬರೆದಿದ್ದಳು: 'ನಮ್ಮ ಅಪ್ಪ ಜಳಕ ಮಾಡಿ, ವಸ್ತ್ರವನ್ನು ಹೆಗಲ ಮೇಲೆ ಹಾಕಿಕೊಂಡು ಹೊಲಕ್ಕೆ ಹೋದರು.'

ನಾನು ಗಹಗಹಿಸಿ ನಕ್ಕೆ. ವಸ್ತ್ರ ಹೆಗಲ ಮೇಲಾದರೆ ಆ ಪುಣ್ಯಾತ್ಮನ ಮೈಮೇಲೆ ಏನಿತ್ತು? ನಗುತ್ತಲೇ ಕೆಂಪು ಶಾಯಿಯಲ್ಲಿ ಪಕ್ಕಕ್ಕೆ ಬರೆದೆ: 'ಮೈಮೇಲೆ?' ಪ್ರಶ್ನಾರ್ಥಕ ಚಿಹ್ನೆಯ ಬಾಲ ಎಳೆಯುವಾಗ ಕೈ ನಿಂತಿತು. ಹುಡುಗಿಯ ಅಪ್ಪ ಬರಿಮೈಯಲ್ಲಿ ಹೋಗಿರಲಿಲ್ಲ. ಹೆಗಲ ಮೇಲಿದ್ದದ್ದು ಟವೆಲ್ಲು. ಬನವಾಸಿಯಿಂದ ಆಚೆ, ಹಾನಗಲ್, ಹಾವೇರಿ ಕಡೆಗೆಲ್ಲ ಮೈ ಒರೆಸುವ ಬಟ್ಟೆಗೆ ವಸ್ತ್ರ ಎನ್ನುತ್ತಾರೆ. ತೊಡುವ ಬಟ್ಟೆಗೆ ಅವರು ಅರಿಬಿ ಎನ್ನುತ್ತಾರೆ. ಇದು ನನಗೆ ಗೊತ್ತಿರದ ವಿಷಯವೇ? ಪ್ರಾದೇಶಿಕ ಭಾಷಾಭೇದ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವವಳು ನಾನು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ವಸ್ತ್ರ ಒಂದೇ ಸಾಕು. ಅವರು ಟವೆಲ್ಲು ಒಂದೇ ತೆಗೆದಿದ್ದರು. ಹೇಳಿದಷ್ಟೇ ಮಾಡಿದ್ದರು.

ಎದ್ದು ಹಾಗೇ ಹೊರಟೆ. ಕಿವಿಯ ಮೇಲೆ ಕೆಂಪು ಪೆನ್ನು, ಕೈಯಲ್ಲಿ ಉತ್ತರಪತ್ರಿಕೆ. ನೀಲವ್ವ ಹೊಲಿಗೆಯಂತ್ರದ ಎದುರು ಇದ್ದರು. ಎಂಟು ದಿನದ ಮೌನ ಅವರ ಮುಖದ ಮೇಲೂ ಇತ್ತು, ಆದರೂ ಬಾಯಿ ಅದರ ಪಾಡಿಗೆ ಮರ್ಯಾದೆ ಮಾಡಿತು.

"ಬರ್ರಿ ಅಕ್ಕೋರ, ಕುಂದರ್ರಿ."

ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ನಮ್ಮ ವಸ್ತ್ರ, ಅವರ ವಸ್ತ್ರ, ಹುಡುಗಿಯ ಅಪ್ಪ, ಹಪ್ಪಳ ಎಲ್ಲ. ಹುಡುಗಿಯ ಅಪ್ಪ ಬಂದಾಗ ನೀಲವ್ವನ ತುಟಿ ಅಲುಗಿತು. ನಾನು 'ಮೈಮೇಲೆ?' ಎಂದು ಬರೆದದ್ದನ್ನು ತೋರಿಸಿದಾಗ ತಡೆಯಲಾರದೆ ನಕ್ಕರು. ಯಂತ್ರದ ಮೇಲೆ ತಲೆ ಇಟ್ಟು ನಕ್ಕರು. ನಾನೂ ನಕ್ಕೆ. ಎಂಟು ದಿನದ ನಗು ಬಾಕಿ ಇತ್ತು.

ನಗು ನಿಂತ ಮೇಲೆ ನಾನು ಕೇಳಿದೆ. ಕೇಳದೆ ಬಂದಿದ್ದರೆ ಎಷ್ಟು ಸುಖವಾಗಿರುತ್ತಿತ್ತು. "ಅಲ್ಲ ನೀಲವ್ವ, ನಾನು ಹಾಗೆ ಅಂದರೂ, ಕೌದಿ ನೆನೀತಾ ಇರೋದು ಕಾಣ್ತಿತ್ತಲ್ಲ. ನೀವೇ ಹೊಲಿದದ್ದು. ತೆಗೆಯಬಾರದಿತ್ತಾ?"

ನೀಲವ್ವ ಸೂಜಿಯ ಕೆಳಗಿನ ಬಟ್ಟೆ ಸರಿಮಾಡಿದರು.

"ಕಿಡಕಿಯಾಗ ನಿಂತು ನೋಡಿದ್ನಿರಿ. ಮಳಿ ನಿಲ್ಲೂ ತನಕಾ ನಿಂತಿದ್ನಿ. ಎರಡು ಸಲ ಬಾಗಲಾ ದಾಟಿದ್ನಿ. ನೀವ ಅಂದ್ರಲ್ರಿ, ಮತ್ತೇನೂ ಮುಟ್ಟೂದು ಬ್ಯಾಡ ಅಂತ. ತಾಯಿಯವ್ರ ಸೀರಿ ಅದಾವು, ಒಗದ ಮ್ಯಾಲೆ ಮಡಿ ಇರ್ತಾವೋ ಏನೋ ಅಂದ್ಕೊಂಡೆ. ಅಜ್ಜಿ ಹೇಳಿದ್ದು ಇತ್ತಲ್ರಿ. ನೀವೂ ಹಂಗ ಅಂದ್ರಿ ಅಂತ... ಕೈ ಹೋಗಲಿಲ್ರಿ."

ಎರಡು ತಿಂಗಳು ಆ ಸೀರೆಗಳ ಮೇಲೇ ಕೂತು ಹೊಲಿದ ಕೈ ಅದು. ಅವೇ ಸೀರೆಗಳನ್ನು ಮಳೆಯಿಂದ ಎತ್ತಲು ಅದಕ್ಕೆ ಹೆದರಿಕೆಯಾಯಿತು, ಮತ್ತು ಆ ಹೆದರಿಕೆಗೆ ಕಾರಣವಿತ್ತು. ವಸ್ತ್ರ ಎಂಬ ಪದಕ್ಕೆ ನಮ್ಮಿಬ್ಬರಲ್ಲಿ ಬೇರೆ ಬೇರೆ ಅರ್ಥ ಇತ್ತು, ಸರಿ. ಮುಟ್ಟಬೇಡ ಎಂಬ ಪದಕ್ಕೆ ಇಬ್ಬರಿಗೂ ಗೊತ್ತಿದ್ದ ಅರ್ಥ ಒಂದೇ. ನಾನು ಅದನ್ನು ತಮಾಷೆ ಎಂದು ಹನ್ನೊಂದು ವರ್ಷದಿಂದ ಹೇಳಿಕೊಂಡು ತಿರುಗುತ್ತಿದ್ದೆ. ಅವರು ಆ ತಮಾಷೆಯನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದರು. ಅವತ್ತು ಕಿಟಕಿಯಿಂದ ನಕ್ಕವಳು ನಾನೇ. ನಾಚಿಕೆಯಾಯಿತು. ಕ್ಲಿಪ್ಪು ಕಚ್ಚಿ ಎಳೆದಾಗ ಆದಂಥ ನಾಚಿಕೆಯಲ್ಲ, ಕತ್ತು ತಗ್ಗಿಸುವಂಥದು.

"ತಪ್ಪಾತು ನೀಲವ್ವ" ಎಂದೆ. "ನಮ್ಮ ಮನೇಲಿ ನೀವು ಮುಟ್ಟಬಾರದ್ದು ಅಂತ ಯಾವುದೂ ಇಲ್ಲ. ಅವತ್ತೇ ಹೇಳಬೇಕಿತ್ತು. ಇನ್ನು ಮಳೆ ಬಂದರೆ ಸರಿಯಾಗಿ ಫೋನು ಮಾಡ್ತೇನೆ. ವಸ್ತ್ರ, ಅರಿಬಿ, ಬಟ್ಟೆ, ಮೂರೂ ಹೇಳ್ತೇನೆ."

"ಫೋನು ಮಾಡಬ್ಯಾಡ್ರಿ" ಎಂದರು ನೀಲವ್ವ. ಯಂತ್ರದ ಚಕ್ರ ತಿರುಗಿಸಿದರು. "ಮಳಿ ನನಗೂ ಕಾಣ್ತೈತಿ."

ಅದೇ ಸಂಜೆ ಇಬ್ಬರೂ ಸೇರಿ ತಂತಿ ಬಿಗಿದೆವು. ಮನೆಗೆ ಬಂದು ಅತ್ತೆಯ ಎದುರು ಕೂತು, ಅವರಿಗೆ ಕೇಳುವಷ್ಟು ಜೋರಾಗಿ, ನಡೆದದ್ದನ್ನೆಲ್ಲ ಹೇಳಿದೆ. ತಮಾಷೆ ಮಾಡಲಿಲ್ಲ, ಅಭಿನಯಿಸಲಿಲ್ಲ. ಅತ್ತೆ ರೇಡಿಯೋ ಕಿವಿ ತಿರುಪಿ ಸಣ್ಣದು ಮಾಡಿದರು. "ಮಳೆ ನಿಲ್ಲ ತನಕ ನಿಂತಿತ್ತಡಾ?" ಎಂದು ನೀಲವ್ವನ ಬಗ್ಗೆ ಒಂದೇ ಸಲ ಕೇಳಿದರು. ಹೌದೆಂದೆ. ಮತ್ತೆ ರೇಡಿಯೋ ದೊಡ್ಡದು ಮಾಡಿದರು. ಇದು ಕಲ್ಲಿನ ಮೇಲೆ ಮಳೆ ಹೊಯ್ದಂತೆ ಎಂದು ನಾನು ಎದ್ದು ಹೋದೆ.

ಮೇ ತಿಂಗಳಲ್ಲಿ ಯಳ್ಳಾಪುರದಲ್ಲೊಂದು ಮದುವೆ. ನಾವು ಗಂಡ ಹೆಂಡತಿ ಹೋದೆವು. ಹೊರಡುವಾಗ ನಮ್ಮನೆಯವರು ಮೊಬೈಲ್ ನೋಡಿ, "ಮಳೆ ಇಲ್ಲೆ" ಎಂದರು. ಊಟದ ಎರಡನೇ ಪಂಕ್ತಿಗೆ ಸಿಡಿಲು ಬಡಿಯಿತು. ನೀಲವ್ವ ಬೇಡವೆಂದಿದ್ದರಿಂದ ಫೋನು ಮಾಡಲಿಲ್ಲ. ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ, ಅದೂ ಹೇಳಿಬಿಡುತ್ತೇನೆ.

ಸಂಜೆ ಮನೆಗೆ ಬಂದೆವು. ಜಗುಲಿಯ ಕುರ್ಚಿಯ ಮೇಲೆ ಎಲ್ಲವೂ ಇತ್ತು. ಕೆಳಗೆ ಕೌದಿ, ಅದರ ಮೇಲೆ ಹಾಸಿಗೆ ವಸ್ತ್ರ, ನನ್ನ ಸೀರೆ, ಜಾಲರಿ ಬನಿಯನ್ನು. ಎಲ್ಲಕ್ಕಿಂತ ಮೇಲೆ ಅತ್ತೆಯ ಮಡಿ ಸೀರೆ. ಗಾಳಿಮಳೆ ಎರಚಲು ಶೀಟಿನ ಕೆಳಗೂ ಬಂದಿತ್ತು. ಸೀರೆಯ ಅಂಚು ಹೊರಗೆ ಬರುವಂತೆ, ಅಂಗಡಿಯಲ್ಲಿ ಇಟ್ಟ ಹಾಗೆ ಮಡಿಕೆ. ಹಾಗೆ ಮಡಚುವವರು ನಮ್ಮ ಕೇರಿಯಲ್ಲಿ ಒಬ್ಬರೇ.

ಅತ್ತೆ ಮತ್ತೇನಾದರೂ ಕೂಗಿದರೇ? ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ನೀಲವ್ವ ಕೂಗಿ ಹೇಳಿದರು. "ಅಜ್ಜಿ ತಾವಾಗೇ ಕರದ್ರುರಿ! 'ಬಾರೇ ತಂಗಿ, ಇದನ್ನೂ ತೆಗಿ' ಅಂತ ಪೈಪಿಲೆ ತೋರಿಸಿದ್ರು!"

ಮರುದಿನ ಬೆಳಿಗ್ಗೆ ನಾನು ಬೇಗ ಎದ್ದು ಅಡುಗೆಮನೆಯಲ್ಲಿ ಸದ್ದು ಮಾಡದೆ ನಿಂತೆ. ಅತ್ತೆ ಮಿಂದು ಬಂದರು. ಸೀರೆಯನ್ನು ಕುರ್ಚಿಯಿಂದ ಕೈಯಲ್ಲಿ ಎತ್ತಿಕೊಂಡರು, ಕೊಡವಿದರು, ಉಟ್ಟರು, ದೇವರ ಎದುರು ಹೋಗಿ ಕೂತರು. ದೀಪ ಹಚ್ಚಿದರು. ದೇವರೂ ಏನೂ ಅನ್ನಲಿಲ್ಲ.

ತಡೆಯಲಾಗಲಿಲ್ಲ. ಪೂಜೆ ಮುಗಿಸಿ ಬಂದವರನ್ನು ಕೇಳಿಯೇಬಿಟ್ಟೆ. "ಅತ್ತೆ, ಆ ಸೀರೆ ನೀಲವ್ವ ಮಡಚಿಟ್ಟಿದ್ದಲ್ದಾ?"

ಅತ್ತೆ ನನ್ನನ್ನು ದಡ್ಡ ಹುಡುಗಿಯನ್ನು ನೋಡುವಂತೆ ನೋಡಿದರು.

"ಮಡಚಿಟ್ಟಿದ್ದು ಮಡಿ ಅಲ್ದೆ ಮತ್ತೆಂತದೇ? ಕನ್ನಡದ ಅಕ್ಕೋರಾಗಿ ಇಷ್ಟೂ ಗೊತ್ತಿಲ್ಯನೇ?"

ಆ ಗುಡ್ನಾಪುರದ ಹುಡುಗಿಗೆ ಪೂರ್ತಿ ಅಂಕ ಕೊಟ್ಟು, 'ಮೈಮೇಲೆ?' ಎಂಬುದನ್ನು ಹೊಡೆದುಹಾಕಿದ್ದೆ. ಕೌದಿಯ ಬಿಳಿ ಅಂಚಿಗೆ ಹತ್ತಿದ ಕೆಂಪು ಮಾತ್ರ ಎಷ್ಟು ಒಗೆದರೂ ಹೋಗಿಲ್ಲ. ಕೌದಿ ಹಾಕಿದ ದಿನ ತಂತಿ ಈಗಲೂ ಜೋಲುತ್ತದೆ. ನಡುವೆ ಆನಿಸಿ ನಿಲ್ಲಿಸಲು ಅತ್ತೆ ತಮ್ಮ ಪೈಪು ಕೊಟ್ಟಿದ್ದಾರೆ. ಪೈಪಿನ ಕತೆಯ ಈ ಭಾಗವನ್ನು ಸ್ಟಾಫ್ ರೂಮಿನಲ್ಲಿ ನಾನು ಇನ್ನೂ ಹೇಳಿಲ್ಲ. ಇದರಲ್ಲಿ ನಗಬೇಕಾದವರು ಯಾರನ್ನು ನೋಡಿ ನಗಬೇಕು ಎಂಬುದು ನನಗೆ ಗೊತ್ತು.